ಹಗಲಿನ ಪಟ್ಟಿ ಇದೆ, ರಾತ್ರಿಯದು ಎಲ್ಲಿ? ಮಕ್ಕಳ ಶಿಬಿರ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಗುಂಪುಗಳ ಮುಖ್ಯಸ್ಥರಿಗೆ, ಶಿಬಿರದ ಹೊಣೆ ಹೊತ್ತ ಲೀಡರ್‌ಗಳಿಗೆ ಮತ್ತು ಶಿಬಿರಗಳಿಗೆ ಒಪ್ಪಿಗೆ ಕೊಡುವ ಸಮಿತಿಗಳಿಗೆ,

ಮಾನ್ಯರೇ,

ನಮಸ್ಕಾರ. ಐದರಿಂದ ಹತ್ತು ವರ್ಷದ ಮಕ್ಕಳನ್ನು ರಾತ್ರಿ ತಂಗುವ ಶಿಬಿರಕ್ಕೆ ಕರೆದುಕೊಂಡು ಹೋಗುವ ಎಲ್ಲರಿಗೂ ಈ ಪತ್ರ. ನನ್ನ ಮಗಳು ಅಂಥ ಒಂದು ಗುಂಪಿನಲ್ಲಿದ್ದಾಳೆ. ಸಹಾಯಕ್ಕೆ ದೊಡ್ಡವರು ಬೇಕು ಅಂದಾಗ ನಾನೂ ಜೊತೆಗೆ ಹೋಗುತ್ತೇನೆ. ಗುಂಪಿನ ಹೆಸರು ಹೇಳುವುದಿಲ್ಲ. ಬೇರೆ ಗುಂಪುಗಳ ತಾಯಿ ತಂದೆಯರ ಜೊತೆ ಮಾತಾಡಿದಾಗಲೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದೇನೆ. ಹಾಗಾಗಿ ಒಬ್ಬರನ್ನೇ ಹಿಡಿದು ಬೈದರೆ ಪ್ರಯೋಜನವಿಲ್ಲ.

ಮೊದಲೇ ಒಂದು ಮಾತು. ಶಿಬಿರ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಮನೆಯಿಂದ ಹೊರಗೆ, ಆಕಾಶದ ಕೆಳಗೆ ಮಲಗಿ ಎದ್ದ ಮಗುವಿನ ಮುಖದಲ್ಲಿ ಬರುವ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮಲ್ಲಿ ಬಹಳ ಜನ ಸಂಬಳವಿಲ್ಲದೆ, ರಜೆ ಹಾಕಿ, ಸ್ವಂತ ಸಾಮಾನು ತಂದು ಇದನ್ನೆಲ್ಲ ಮಾಡುತ್ತೀರಿ. ಆ ಕೆಲಸದ ಮೇಲೆ ಗೌರವ ಇರುವುದರಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಶಿಬಿರಕ್ಕೆ ಮೊದಲು ನಮ್ಮ ಕೈಗೆ ಎರಡು ಹಾಳೆ ಬರುತ್ತವೆ. ಒಂದರಲ್ಲಿ ತರಬೇಕಾದ ಸಾಮಾನು, ಇನ್ನೊಂದರಲ್ಲಿ ಕಾರ್ಯಕ್ರಮ. ಹಗಲಿನ ಪ್ರತಿ ಅರ್ಧ ಗಂಟೆಗೂ ಅದರಲ್ಲಿ ಏನಾದರೂ ಬರೆದಿರುತ್ತದೆ. ಆಟ, ಗಂಟು ಹಾಕುವುದು, ನಡಿಗೆ, ಹಾಡು. ರಾತ್ರಿ 9ಕ್ಕೆ ‘ಮಲಗುವ ಸಮಯ’. ಅದರ ಕೆಳಗಿನ ಸಾಲು ಬೆಳಿಗ್ಗೆ 7ರದ್ದು. ನಡುವಿನ 10 ಗಂಟೆಯ ಬಗ್ಗೆ ಒಂದಕ್ಷರವೂ ಇಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಅಂದರೆ ಒಂದು ರಾತ್ರಿಯ ಶಿಬಿರದಲ್ಲಿ ಹತ್ತಿರ ಹತ್ತಿರ ಅರ್ಧ ಸಮಯ ನಿದ್ದೆಯದ್ದೇ. ಆ ಅರ್ಧಕ್ಕೆ ಯೋಜನೆಯೇ ಇಲ್ಲ. ನನ್ನ ದೂರು ಇದೇ.

ಕಳೆದ ಶಿಬಿರದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಮಕ್ಕಳ ಟೆಂಟುಗಳೆಲ್ಲ ಒಂದೇ ಬಣ್ಣದವು, ಒಂದೇ ಸಾಲಿನಲ್ಲಿ. ದೊಡ್ಡವರ ಟೆಂಟುಗಳು ಅಡುಗೆ ಜಾಗದ ಆಚೆ ಬದಿಗೆ. ಶೌಚಾಲಯ ಮರಗಳ ಹಿಂದೆ, ದೀಪವಿಲ್ಲದ ದಾರಿಯಲ್ಲಿ. ಮಧ್ಯರಾತ್ರಿ ದಾಟಿದ ಮೇಲೆ ನನಗೆ ಎಚ್ಚರವಾಗಿ ಹೊರಗೆ ಬಂದೆ. ಸಾಲಿನ ನಡುವೆ ಏಳೆಂಟು ವರ್ಷದ ಒಬ್ಬ ಹುಡುಗಿ ನಿಂತಿದ್ದಳು. ಎಡದ ಚಪ್ಪಲಿ ಬಲಗಾಲಿಗೆ, ಬಲದ್ದು ಎಡಗಾಲಿಗೆ. ಟಾರ್ಚಿನ ಬೆಳಕು ಅವಳ ಕಾಲಿನ ಮೇಲೇ ಬೀಳುತ್ತಿತ್ತು, ದೂರಕ್ಕೆ ಬಿಡಲು ಭಯ. ಶೌಚಕ್ಕೆ ಹೋಗಬೇಕಿತ್ತು. ಜೊತೆಯ ಹುಡುಗಿಯನ್ನು ಎಬ್ಬಿಸಿದರೆ ಬೈಯುತ್ತಾಳೆ ಅಂತ ಸುಮ್ನೆ ಎದ್ದು ಬಂದಿದ್ದಳು. ಲೀಡರ್ ಎಲ್ಲಿ ಮಲಗಿದ್ದಾರೆ ಅಂತ ಗೊತ್ತಿರಲಿಲ್ಲ. ಈಗ ತನ್ನ ಟೆಂಟ್ ಯಾವುದು ಅಂತಲೂ ಗೊತ್ತಾಗುತ್ತಿರಲಿಲ್ಲ. ಅಳುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದೀಯಮ್ಮ ಅಂತ ಕೇಳಿದರೆ ಉತ್ತರವಿಲ್ಲ. ಅವಳ ಕೈ ತಣ್ಣಗಿತ್ತು. ಇನ್ನೊಬ್ಬ ಸಹಾಯಕಿಯನ್ನು ಎಬ್ಬಿಸಿ, ಇಬ್ಬರೂ ಸೇರಿ ಅವಳನ್ನು ಕರೆದುಕೊಂಡು ಹೋಗಿ ಬಂದೆವು.

ಅದೇ ರಾತ್ರಿ ಒಬ್ಬ ಹುಡುಗನಿಗೆ ಉಬ್ಬಸ ಶುರುವಾಯಿತು. ಅವನ ಇನ್‌ಹೇಲರ್ ಔಷಧಿ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಬೀಗ ಹಾಕಿದ ಕಾರಿನಲ್ಲಿತ್ತು. ಕಾರಿನ ಕೀ ಯಾರ ಹತ್ತಿರ ಅಂತ ತಿಳಿಯಲು ಮೂರು ಟೆಂಟಿನವರನ್ನು ಎಬ್ಬಿಸಬೇಕಾಯಿತು. ಬೆಳಿಗ್ಗೆ ನೋಡಿದರೆ, ರಾತ್ರಿ ಕ್ಯಾಂಪ್ ಫೈರ್ ಹಾಕಿದ ಜಾಗಕ್ಕೆ ಮರಳು ಮುಚ್ಚಿ ಬಿಟ್ಟಿದ್ದರು. ನೋಡಲು ಸಾದಾ ನೆಲದ ಹಾಗೇ ಇತ್ತು. ಕೈ ಇಟ್ಟರೆ ಸುಡುತ್ತಿತ್ತು. ಬರಿಗಾಲಿನ ಮಕ್ಕಳು ಆಗ ತಾನೇ ಟೆಂಟಿನಿಂದ ಓಡಿ ಬರುತ್ತಿದ್ದರು.

ಹುಡುಗನ ಉಸಿರು ಸರಿಹೋಯಿತು. ಯಾರ ಕಾಲೂ ಸುಡಲಿಲ್ಲ. ಮಾರನೇ ದಿನ ಈ ವಿಷಯ ಎತ್ತಿದಾಗ ಬಂದ ಉತ್ತರ, ‘ಏನೂ ಆಗಲಿಲ್ಲವಲ್ಲ.’ ಆಮೇಲೆ ಬರೆದು ಕೊಟ್ಟೆ. ಅದಕ್ಕೆ, ನಾವೆಲ್ಲ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ನೆನಪಿಸಿದರು. ಆಕಸ್ಮಿಕಗಳಿಗೆ ಸಂಘಟಕರು ಜವಾಬ್ದಾರರಲ್ಲ ಅಂತ ಅದರಲ್ಲಿದೆ. ಮಾನ್ಯರೇ, ಇನ್‌ಹೇಲರ್ ಎಲ್ಲಿಡಬೇಕು ಅನ್ನುವುದು ಆಕಸ್ಮಿಕವಲ್ಲ. ಯಾರೋ ಒಬ್ಬರು ಸಂಜೆ ಯೋಚಿಸಿ ತೀರ್ಮಾನ ಮಾಡಬೇಕಾದ ವಿಷಯ. ನಾವು ಸಹಿ ಹಾಕಿದ್ದು ನೀವು ಯೋಚಿಸುತ್ತೀರಿ ಅನ್ನುವ ನಂಬಿಕೆಯಿಂದ.

ಇದೆಲ್ಲ ಯಾಕೆ ಹೀಗಾಗುತ್ತದೆ? ನನಗೆ ಅನ್ನಿಸುವುದು ಇಷ್ಟು. ಶಿಬಿರದ ರೂಢಿಗಳು ಬಂದದ್ದು ದೊಡ್ಡ ಮಕ್ಕಳಿಂದ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರು. ಸ್ಕೌಟಿಂಗ್ ಶುರುವಾದದ್ದು ಆ ಶಿಬಿರದಿಂದ. ಅಲ್ಲಿದ್ದವರು ಹೆಚ್ಚಿನವರು ಬೆಳೆದ ಹುಡುಗರು. ಚಿಕ್ಕ ಮಕ್ಕಳಿಗಾಗಿ ವುಲ್ಫ್ ಕಬ್ಸ್ ಅಂತ ಬೇರೆ ವಿಭಾಗ ಬಂದದ್ದು 1916ರಲ್ಲಿ. ಹದಿನಾಲ್ಕರ ಹುಡುಗ ರಾತ್ರಿ ತಾನೇ ಎದ್ದು ಹೋಗಿ ಬರುತ್ತಾನೆ. ಚಳಿಯಾದರೆ ಸ್ವೆಟರ್ ಹುಡುಕಿಕೊಳ್ಳುತ್ತಾನೆ. ಆರರ ಮಗು ಚಳಿಯಲ್ಲೇ ನಡುಗುತ್ತಾ ಮಲಗಿರುತ್ತದೆ, ಹೇಳುವುದೇ ಇಲ್ಲ. ದೊಡ್ಡವರ ಶಿಬಿರದ ಅವಧಿ ಕಡಿಮೆ ಮಾಡಿದರೆ ಚಿಕ್ಕವರ ಶಿಬಿರ ಆಗುವುದಿಲ್ಲ.

ಅನುಭವ ಇರುವ ಸಂಸ್ಥೆಗಳು ಇದನ್ನು ಬಹಳ ಹಿಂದೆಯೇ ನಿಯಮ ಮಾಡಿಕೊಂಡಿವೆ. ಬ್ರಿಟನ್ನಿನ ಸ್ಕೌಟ್ ಸಂಸ್ಥೆಯಲ್ಲಿ ರಾತ್ರಿ ತಂಗುವ ಶಿಬಿರ ನಡೆಸಲು ಬೇರೆಯೇ ಪರವಾನಗಿ ಬೇಕು. ಹಗಲಿನಲ್ಲಿ ಗುಂಪು ನಡೆಸುವ ಅನುಭವ ಒಂದೇ ಸಾಲದು. ಹೊರಗೆ ಕರೆದುಕೊಂಡು ಹೋಗುವಾಗ 6ರಿಂದ 8 ವರ್ಷದವರಲ್ಲಿ 6 ಮಕ್ಕಳಿಗೆ ಒಬ್ಬ ದೊಡ್ಡವರು, ಅದರ ಮೇಲಿನ ಕಬ್ಸ್ ವಯಸ್ಸಿನಲ್ಲಿ 8 ಮಕ್ಕಳಿಗೆ ಒಬ್ಬರು ಅನ್ನುವುದು ಅಲ್ಲಿನ ಲೆಕ್ಕ. ಶಿಬಿರದ ಮುಖ್ಯಸ್ಥರು ಈ ಲೆಕ್ಕದ ಹೊರಗೆ. ಅದು ಮುಖ್ಯ. ಒಂದು ಮಗುವನ್ನು ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಕಡಿಮೆ ಎಂದರೆ ಒಬ್ಬ ದೊಡ್ಡವರು ಹೋಗುತ್ತಾರೆ, ಹೆಚ್ಚಿನ ಸಲ ಇಬ್ಬರು. ಉಳಿದ ಮಕ್ಕಳ ಹತ್ತಿರ ಯಾರಿರುತ್ತಾರೆ? ಹೊರಡುವ ಮೊದಲೇ ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳಲು ಬರಬೇಕು. ಬರದಿದ್ದರೆ ದೊಡ್ಡವರು ಕಡಿಮೆ ಇದ್ದಾರೆ ಅಂತಲೇ ಅರ್ಥ.

ಯಾರು ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಬರೆಯಲು ಬಹಳ ಜನರಿಗೆ ಸಂಕೋಚ. ನನಗೂ ಆ ಸಂಕೋಚ ಗೊತ್ತು, ಆದರೂ ಬರೆಯಲೇಬೇಕು. ಮಗುವಿನ ಸ್ವಂತ ತಾಯಿ ತಂದೆ ಬಿಟ್ಟು ಬೇರೆ ಯಾವ ದೊಡ್ಡವರೂ ಮಗುವಿನ ಟೆಂಟಿನಲ್ಲಿ ಮಲಗಬಾರದು. ಯಾವ ದೊಡ್ಡವರೂ ಒಂಟಿಯಾಗಿ ಒಂದು ಮಗುವಿನ ಜೊತೆ ಮರೆಯಲ್ಲಿ ಇರಬಾರದು, ಕತ್ತಲಲ್ಲಂತೂ ಇರಲೇಬಾರದು. ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತಿ ಚಟುವಟಿಕೆಯಲ್ಲೂ ಕಡಿಮೆ ಎಂದರೆ ಇಬ್ಬರು ದೊಡ್ಡವರು ಇರಬೇಕು ಅಂತ ನಿಯಮವಿದೆ. ಒಂದೇ ಟೆಂಟಿನ ಮಕ್ಕಳ ವಯಸ್ಸಿನ ಅಂತರ 2 ವರ್ಷಕ್ಕಿಂತ ಜಾಸ್ತಿ ಇರಬಾರದು ಅಂತಲೂ ಇದೆ. ಇದು ಯಾರ ಮೇಲೋ ಅನುಮಾನ ಪಟ್ಟು ಮಾಡಿದ್ದಲ್ಲ. ಒಳ್ಳೆಯ ಲೀಡರ್‌ಗೂ ಇದರಿಂದ ರಕ್ಷಣೆ. ರಾತ್ರಿ ಮಗು ಬಂದು ಎಬ್ಬಿಸಿದರೆ, ಎದ್ದವರು ಮೊದಲು ಇನ್ನೊಬ್ಬ ದೊಡ್ಡವರನ್ನು ಎಬ್ಬಿಸಬೇಕು. ಇದನ್ನು ಹೊರಡುವ ಮೊದಲೇ ಎಲ್ಲರೂ ಕೂತು ಮಾತಾಡಿಕೊಂಡರೆ ಆ ಹೊತ್ತಿನಲ್ಲಿ ಯಾರಿಗೂ ಮುಜುಗರವಾಗುವುದಿಲ್ಲ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಬೇಕಾಗಿದ್ದದ್ದು ಏನು? ದೊಡ್ಡವರ ಟೆಂಟಿನ ಮುಂದೆ ರಾತ್ರಿಯಿಡೀ ಉರಿಯುವ ಒಂದು ದೀಪ. ತನ್ನ ಟೆಂಟಿಗೆ ಗುರುತಾಗಿ ಒಂದು ಬಣ್ಣದ ಬಟ್ಟೆ ಅಥವಾ ಚಿತ್ರ. ಕತ್ತಲಾಗುವ ಮುಂಚೆಯೇ ಒಮ್ಮೆ, ಕತ್ತಲಾದ ಮೇಲೆ ಇನ್ನೊಮ್ಮೆ, ಟೆಂಟಿನಿಂದ ಶೌಚಾಲಯಕ್ಕೆ, ಶೌಚಾಲಯದಿಂದ ಲೀಡರ್ ಹತ್ತಿರಕ್ಕೆ ನಡೆದು ನೋಡಿದ ಅಭ್ಯಾಸ. ಜೊತೆಯವಳನ್ನು ಎಬ್ಬಿಸುವುದು ತಪ್ಪಲ್ಲ, ಎಬ್ಬಿಸಲೇಬೇಕು ಅಂತ ಎಲ್ಲರ ಎದುರಿಗೆ ಲೀಡರ್ ಹೇಳಿದ ಒಂದು ಮಾತು. ಇದಕ್ಕೆ ಎಷ್ಟು ಹೊತ್ತು ಬೇಕು? ಒಂದು ಆಟದಷ್ಟೂ ಬೇಡ, ಅಲ್ವಾ?

ಹಾಸಿಗೆ ಒದ್ದೆಯಾಗುವ ಮಾತನ್ನೂ ಇಲ್ಲೇ ಹೇಳಬೇಕು. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಕ್ಕಳು ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಐದರ ವಯಸ್ಸಿನಲ್ಲಿ ಇದು ಇನ್ನೂ ಜಾಸ್ತಿ. ಇಪ್ಪತ್ತು ಮಕ್ಕಳ ಗುಂಪಿನಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ ಅಂದುಕೊಂಡೇ ಹೊರಡಬೇಕು. ಆದರೆ ನಮಗೆ ಕೊಡುವ ಆರೋಗ್ಯ ಫಾರ್ಮಿನಲ್ಲಿ ಇದರ ಪ್ರಶ್ನೆಯೇ ಇಲ್ಲ. ಕೇಳದಿದ್ದರೆ ತಾಯಂದಿರು ಹೇಳುವುದಿಲ್ಲ. ಹೇಳಿದರೆ ಮಗುವನ್ನು ಬಿಟ್ಟು ಹೋಗುತ್ತಾರೋ ಅನ್ನುವ ಭಯ. ಕೆಲವರು ಇದೊಂದೇ ಕಾರಣಕ್ಕೆ ಮಗುವನ್ನು ಕಳಿಸುವುದೇ ಇಲ್ಲ. ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ. ಆ ಮಕ್ಕಳನ್ನು ಲೀಡರ್ ಮಲಗುವ ಮೊದಲು ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋಗಬಹುದು. ಎರಡು ಬಿಡಿ ಸ್ಲೀಪಿಂಗ್ ಬ್ಯಾಗ್, ಒಣ ಬಟ್ಟೆ, ಒಂದು ಮುಚ್ಚಿದ ಚೀಲ ಇಟ್ಟುಕೊಂಡರೆ ಬೆಳಿಗ್ಗೆ ಯಾರಿಗೂ ಗೊತ್ತಾಗದಂತೆ ಮುಗಿದು ಹೋಗುತ್ತದೆ. ಗೆಳೆಯರ ಎದುರು ಒಮ್ಮೆ ನಾಚಿಕೆಯಾದ ಮಗು ಮತ್ತೆ ಶಿಬಿರದ ಹೆಸರು ಎತ್ತುವುದಿಲ್ಲ.

ಮನೆ ನೆನಪಾಗಿ ಅಳುವುದೂ ಹಾಗೇ. ‘ಅಳಬೇಡ, ನೀನು ದೊಡ್ಡವನಾಗಿದ್ದೀಯ’ ಅಂತ ಗದರಿಸುವುದನ್ನು ಕೇಳಿದ್ದೇನೆ. ಮನೆ ಬಿಟ್ಟು ಬಂದ ಮಕ್ಕಳಲ್ಲಿ ಬಹುಪಾಲು ಎಲ್ಲರಿಗೂ ಸ್ವಲ್ಪವಾದರೂ ಮನೆ ಕಾಡುತ್ತದೆ. ಅದು ಕಾಯಿಲೆಯಲ್ಲ, ಹಟವೂ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಈ ಬಗ್ಗೆ ಒಂದು ವರದಿ ಕೊಟ್ಟಿತು. ಶಿಬಿರಕ್ಕೆ ಮೊದಲೇ ನೆಂಟರ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಮಲಗಿಸಿ ಅಭ್ಯಾಸ ಮಾಡಿಸಿ, ‘ಬೇಜಾರಾದರೆ ಬಂದು ಕರೆದುಕೊಂಡು ಹೋಗುತ್ತೇನೆ’ ಅಂತ ಮಗುವಿಗೆ ಮೊದಲೇ ಮಾತು ಕೊಡಬೇಡಿ ಅನ್ನುವುದು ಅದರ ಸಲಹೆ. ಅಂಥ ಮಾತು ಕೊಟ್ಟರೆ ‘ನಿನ್ನಿಂದ ಆಗಲಿಕ್ಕಿಲ್ಲ’ ಅಂತಲೇ ಮಗುವಿಗೆ ಕೇಳಿಸುತ್ತದೆ. ಇದನ್ನು ಪಾಲಕರಿಗೆ ತಿಳಿಸುವ ಕೆಲಸ ನಿಮ್ಮದು. ಆದರೆ ದೊಡ್ಡವರ ನಡುವೆ ಒಂದು ಒಪ್ಪಂದ ಇರಲೇಬೇಕು. ಎಷ್ಟು ಹೊತ್ತು ಸಮಾಧಾನ ಮಾಡಿ ನೋಡುತ್ತೀರಿ, ಯಾವಾಗ ನಮಗೆ ಫೋನ್ ಮಾಡುತ್ತೀರಿ, ನಡುರಾತ್ರಿಯಲ್ಲಿ ಫೋನ್ ಎತ್ತುವವರು ಯಾರು. ಆರು ವರ್ಷದ ಮಗುವನ್ನು ಬೆಳಗಿನ ತನಕ ಅಳಲು ಬಿಡುವುದು ಧೈರ್ಯ ಕಲಿಸುವ ದಾರಿಯಲ್ಲ ಅಂತ ನಾನು ದೃಢವಾಗಿ ನಂಬಿದ್ದೇನೆ.

ಅಳುವ ಮಗು ‘ತಲೆನೋವು, ವಾಂತಿ ಬರುತ್ತಿದೆ’ ಅಂದರೆ ಅದನ್ನೂ ಮನೆ ನೆನಪಿನ ಲೆಕ್ಕಕ್ಕೇ ಸೇರಿಸುತ್ತಾರೆ. ಇಲ್ಲಿ ಬಹಳ ಎಚ್ಚರ ಬೇಕು. ಇಂಗಾಲದ ಮೊನಾಕ್ಸೈಡ್ ಅನಿಲ ದೇಹಕ್ಕೆ ಸೇರಿದರೆ ಮೊದಲು ಕಾಣುವುದು ಇವೇ ಲಕ್ಷಣಗಳು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ಅಂತ ಕೆಂಡದ ಒಲೆಯನ್ನೋ ಗ್ಯಾಸ್ ಸ್ಟೌವನ್ನೋ ಟೆಂಟಿನೊಳಗೆ ತಂದರೆ ಮಲಗಿದವರು ಮಲಗಿದಲ್ಲೇ ಸಾಯಬಹುದು. ಆರಿದ ಹಾಗೆ ಕಾಣುವ ಇದ್ದಿಲಿನಿಂದಲೂ ಈ ಅನಿಲ ಬಹಳ ಹೊತ್ತು ಬರುತ್ತಿರುತ್ತದೆ. ಉರಿಯುವ ಯಾವ ವಸ್ತುವೂ ಟೆಂಟಿನೊಳಗೆ ಬರಬಾರದು. ಟೆಂಟಿನ ಬಾಗಿಲ ಮುಂದಿನ ಚಾವಣಿಯ ಕೆಳಗೂ ಬೇಡ. ಚಳಿಗೆ ಬೇರೆ ದಾರಿ ಇದೆ. ಚಿಕ್ಕ ದೇಹ ಬೇಗ ತಣ್ಣಗಾಗುತ್ತದೆ, ಮತ್ತು ಮಲಗಿದಾಗ ನೆಲ ಮೈಯ ಬಿಸಿಯನ್ನು ಎಳೆಯುತ್ತದೆ. ಅದಕ್ಕೇ ಮೇಲೆ ಹೊದೆಯುವುದರಷ್ಟೇ ಕೆಳಗೆ ಹಾಸುವ ಮ್ಯಾಟ್ ಮುಖ್ಯ. ದಿನವಿಡೀ ಬೆವರಿದ ಬಟ್ಟೆ ಬದಲಿಸಿ, ಒಣಗಿದ್ದು ಹಾಕಿಸಿಯೇ ಮಲಗಿಸಬೇಕು. ಚಳಿ ಜಾಸ್ತಿಯಾಗುವುದು ಬೆಳಗಿನ ಜಾವ, ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ. ಆ ಹೊತ್ತಿಗೆ ಒಬ್ಬರು ಎದ್ದು ಸಾಲಿನುದ್ದಕ್ಕೂ ಒಮ್ಮೆ ನೋಡಿ ಬರಬೇಕು.

ಬೆಂಕಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಂಡಕ್ಕೆ ಮರಳು ಮುಚ್ಚಿದರೆ ಅದು ಆರುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ, ಮಕ್ಕಳ ಕಣ್ಣಿಗೆ ಕಾಣುವುದೂ ಇಲ್ಲ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ, ಮುಟ್ಟಿದರೆ ತಣ್ಣಗಿರುವ ತನಕ ಅಲ್ಲಿಂದ ಏಳಬಾರದು. ಕೊನೆಗೆ ಮಲಗುವವರ ಹೆಸರಿಗೆ ಈ ಕೆಲಸ ಬರೆದಿಡಿ.

ಮಳೆ, ಗುಡುಗಿನ ವಿಷಯದಲ್ಲಿ ನನ್ನ ಆತಂಕ ಇನ್ನೂ ದೊಡ್ಡದು. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ. ಮರದ ಕೆಳಗೆ ನಿಂತರೆ ಅಪಾಯ ಹೆಚ್ಚುತ್ತದೆ. ಗುಡುಗು ಕೇಳಿಸಿದರೆ ಗಟ್ಟಿ ಕಟ್ಟಡದೊಳಗೆ ಅಥವಾ ಲೋಹದ ಮುಚ್ಚಿಗೆಯ ವಾಹನದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಬೇಕು. ನಮ್ಮ ಶಿಬಿರದಲ್ಲಿ ಎಲ್ಲ ಮಕ್ಕಳೂ ಹಿಡಿಸುವಷ್ಟು ವಾಹನವಾಗಲಿ ಕಟ್ಟಡವಾಗಲಿ ಹತ್ತಿರದಲ್ಲಿ ಇರಲಿಲ್ಲ. ರಾತ್ರಿ ಗುಡುಗಿದ್ದರೆ ನಿದ್ದೆಗಣ್ಣಿನ ಮಕ್ಕಳನ್ನು ಎಲ್ಲಿಗೆ ನಡೆಸುತ್ತಿದ್ದೆವು? ಜಾಗ ಆರಿಸುವಾಗಲೇ ಇದನ್ನು ನೋಡಬೇಕು. ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ಮೇಲಿನ ಒಣ ಕೊಂಬೆಗಳನ್ನೂ ನೋಡಬೇಕು. ಹವಾಮಾನ ಸರಿಯಿಲ್ಲ ಅಂತ ಶಿಬಿರ ಮುಂದೂಡಿದರೆ ನಾವ್ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಪಾಲಕರ ಪರವಾಗಿ ನಾನು ಬರೆದು ಕೊಡಲು ಸಿದ್ಧ. ಮುಂದೂಡಿದವರನ್ನು ದೂರುವ ಪಾಲಕರು ಯಾರಾದರೂ ಇದ್ದರೆ ಈ ಪತ್ರ ಅವರಿಗೂ ಸೇರಿದ್ದು.

ದಾರಿ ತಪ್ಪುವ ಮಕ್ಕಳ ಬಗ್ಗೆ ಒಂದು ಮಾತು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲೊಮಾರ್ ಬೆಟ್ಟದ ಕಾಡಿನಲ್ಲಿ 9 ವರ್ಷದ ಹುಡುಗನೊಬ್ಬ ಕಳೆದುಹೋದ. ನೂರಾರು ಜನ ಹುಡುಕಿದರೂ ಜೀವಂತವಾಗಿ ಸಿಗಲಿಲ್ಲ. ಹುಡುಕಲು ಹೋದವರೇ ನೊಂದುಕೊಂಡು ಮಕ್ಕಳಿಗಾಗಿ ಒಂದು ಪಾಠ ರೂಪಿಸಿದರು. ದಾರಿ ತಪ್ಪಿತು ಅನ್ನಿಸಿದ ತಕ್ಷಣ ಹತ್ತಿರದ ಒಂದು ಮರ ತಬ್ಬಿಕೊಂಡು ಅಲ್ಲೇ ಇರು, ಅಲೆದಾಡಬೇಡ. ಸೀಟಿ ಊದು. ಹುಡುಕುವವರು ನಿನ್ನನ್ನು ಬೈಯುವುದಿಲ್ಲ, ಕರೆದರೆ ಉತ್ತರ ಕೊಡು. ಆರು ವರ್ಷದವರಿಗೂ ಇದು ಅರ್ಥವಾಗುತ್ತದೆ. ಪ್ರತಿ ಮಗುವಿನ ಕೊರಳಿಗೆ ಒಂದು ಸೀಟಿ ಹಾಕಿ, ಈ ಪಾಠ ಹೇಳಿ, ಮಕ್ಕಳನ್ನು ಜೋಡಿ ಮಾಡಿ. ತಲೆ ಎಣಿಸುವುದು ಬಸ್ಸು ಹತ್ತುವಾಗ ಮಾತ್ರ ಅಂತ ಆಗಬಾರದು. ಊಟವಾದ ಮೇಲೆ, ಕ್ಯಾಂಪ್ ಫೈರ್ ಮುಗಿದ ಮೇಲೆ, ಟೆಂಟ್ ಮುಚ್ಚುವಾಗ, ಬೆಳಿಗ್ಗೆ ಎದ್ದ ಕೂಡಲೇ ಹೆಸರು ಕರೆದು ಎಣಿಸಬೇಕು. ಹತ್ತಿರ ಕೆರೆಯೋ ಹೊಳೆಯೋ ಇದ್ದರೆ, ಈಜು ಬಾರದ ಚಿಕ್ಕ ಮಗು ನೀರಿನ ಬಳಿ ಇರುವಷ್ಟು ಹೊತ್ತೂ ದೊಡ್ಡವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರಬೇಕು. ದಡದಲ್ಲಿ ಕೂತು ನೋಡುವುದು ಸಾಲದು.

ನಾನು ಕೇಳುವುದು ಇನ್ನೊಂದು ಹಾಳೆ. ಸಾಮಾನಿನ ಪಟ್ಟಿ ಮತ್ತು ಕಾರ್ಯಕ್ರಮದ ಜೊತೆಗೆ ರಾತ್ರಿಯ ಹಾಳೆ. ಯಾವ ಹೊತ್ತಿಗೆ ಯಾರು ಎಚ್ಚರ ಇರುತ್ತಾರೆ, ಅವರು ಎಲ್ಲಿ ಕೂರುತ್ತಾರೆ. ಔಷಧಿ ಯಾರ ಹೊಣೆ, ಯಾವ ಮಗುವಿಗೆ ಯಾವಾಗ ಕೊಟ್ಟೆವು ಅಂತ ಬರೆಯುವವರು ಯಾರು. ಇನ್‌ಹೇಲರ್, ಅಲರ್ಜಿಯ ಇಂಜೆಕ್ಷನ್ ಬೀಗದೊಳಗೆ ಹೋಗದೆ ಮಗುವಿನ ಹತ್ತಿರವೇ ಇರುತ್ತದೆ ಅನ್ನುವ ಭರವಸೆ. ವಾಹನದ ಕೀ ಎಲ್ಲಿ ತೂಗುಹಾಕಿರುತ್ತದೆ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಆಂಬ್ಯುಲೆನ್ಸಿಗೆ ಹೇಳಬೇಕಾದ ವಿಳಾಸ ಏನು, ರಾತ್ರಿ ತೆರೆದಿರುವ ಆಸ್ಪತ್ರೆ ಎಷ್ಟು ದೂರ. ಶಿಬಿರಕ್ಕೆ ಒಂದು ವಾರ ಮೊದಲು ಇದು ನಮ್ಮ ಕೈಗೆ ಬರಲಿ. ಪ್ರಶ್ನೆ ಕೇಳಲು ಒಂದು ಸಂಜೆ ನಮ್ಮನ್ನು ಕೂರಿಸಿ.

ಸಮಿತಿಗಳಿಗೆ ಬೇರೆ ಮನವಿ ಇದೆ. ಆ ಹಾಳೆ ನೋಡದೆ ಶಿಬಿರಕ್ಕೆ ಒಪ್ಪಿಗೆ ಕೊಡಬೇಡಿ. ಜಾಗವನ್ನು ಒಮ್ಮೆ ಹೋಗಿ ನೋಡದ ಲೀಡರ್‌ಗೆ, ಅದೂ ಕತ್ತಲಾದ ಮೇಲೆ ನೋಡದವರಿಗೆ, ಚಿಕ್ಕ ಮಕ್ಕಳನ್ನು ಒಪ್ಪಿಸಬೇಡಿ. ಮೊದಲ ಸಲ ಹೋಗುವ ಮಕ್ಕಳಿಗೆ ದೂರದ ಕಾಡು ಬೇಕಾಗಿಲ್ಲ. ನೀವು ದಿನಾ ಸೇರುವ ಕಟ್ಟಡದ ಅಂಗಳದಲ್ಲೇ ಟೆಂಟ್ ಹಾಕಿ, ಬಾಗಿಲು ತೆರೆದಿಡಿ. ಅವರಿಗೆ ಅದೂ ಶಿಬಿರವೇ. ಮತ್ತು ಏನೂ ಅನಾಹುತವಾಗದ ರಾತ್ರಿಗಳನ್ನೂ ಬರೆದಿಡುವ ಪುಸ್ತಕ ಒಂದಿರಲಿ. ಇನ್‌ಹೇಲರ್ ಹುಡುಕಲು ತಡವಾಯಿತು ಅಂತ ಅದರಲ್ಲಿ ಬರೆದಿದ್ದರೆ ಮುಂದಿನ ಲೀಡರ್ ಅದನ್ನು ಓದಿ ಪೆಟ್ಟಿಗೆಯ ಜಾಗ ಬದಲಿಸುತ್ತಿದ್ದರು.

ದೊಡ್ಡವರು ಸಾಲದು, ರಾತ್ರಿ ಪಾಳಿಗೆ ಯಾರನ್ನು ತರುವುದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮನ್ನು ಕೇಳಿ. ನಿಮ್ಮ ಸಂಸ್ಥೆಯ ಪರಿಶೀಲನೆ, ತರಬೇತಿ ಏನಿದೆಯೋ ಅದನ್ನು ಮುಗಿಸಿ ಬರಲು ಸಿದ್ಧ ಇರುವ ಪಾಲಕರು ಇದ್ದಾರೆ. ಹಗಲು ಬರಲಾಗದ ಕೆಲವರು ರಾತ್ರಿ ಬಂದಾರು. ಮುಂದಿನ ಶಿಬಿರದಲ್ಲಿ ರಾತ್ರಿ 2ರಿಂದ ಬೆಳಗಿನ ತನಕದ ಪಾಳಿಗೆ ನನ್ನ ಹೆಸರು ಬರೆದುಕೊಳ್ಳಿ. ಜೊತೆಗೆ ಎಚ್ಚರ ಇರಲು ಇನ್ನೊಬ್ಬರು ಬೇಕು, ಅವರನ್ನು ನೀವು ಗೊತ್ತು ಮಾಡಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ವಿಶ್ವಾಸದೊಂದಿಗೆ,
ಒಬ್ಬ ತಾಯಿ, ಶಿಬಿರದ ಸಹಾಯಕಿ